ಕಲಾಯಿ ಇಲ್ಲದ ತಪೇಲಿ

ಇಜೇರಿಗೆ ಸೊಸೆಯಾಗಿ ಬಂದ ಮೂರನೇ ದಿನವೇ ನಾನು ಬೈಗುಳ ತಿಂದೆ, ಅದೂ ಒಂದು ತಪೇಲಿಯ ಸಲುವಾಗಿ. ಆಳಂದದ ನನ್ನ ತವರುಮನೆಯಲ್ಲಿ ತಾಮ್ರದ ಪಾತ್ರೆಗಳೆಲ್ಲ ವರ್ಷಕ್ಕೊಮ್ಮೆ ಕಲಾಯಿ ಕಾಣುತ್ತಿದ್ದವು. ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಇಡಬಾರದು ಎಂಬುದನ್ನು ನನ್ನವ್ವ ನನಗೆ ಜಡೆ ಹೆಣೆಯಲು ಕಲಿಸುವ ಮೊದಲೇ ಕಲಿಸಿದ್ದಳು. ಇಲ್ಲಿ ನೋಡಿದರೆ ಅಡುಗೆಮನೆಯ ಮೂಲೆಯಲ್ಲಿ ದೊಡ್ಡದೊಂದು ತಾಮ್ರದ ತಪೇಲಿ, ಒಳಗೆ ಕಲಾಯಿಯ ಸುಳಿವೇ ಇಲ್ಲ, ಅದರ ತುಂಬ ಎರಡು ದಿನದ ಹುಳಿ ಮಜ್ಜಿಗೆ, ಅಂಚಿಗೆಲ್ಲ ಹಸಿರು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಸುಮ್ಮನಿರುತ್ತೇನೆಯೇ? ಮಜ್ಜಿಗೆಯನ್ನು ಬಚ್ಚಲಿಗೆ ಚೆಲ್ಲಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ತಪೇಲಿಯನ್ನು ಫಳಫಳ ಮಾಡಿ ಬೋರಲು ಹಾಕಿದೆ.

"ಯಾರ್ ಬೇ ಇದನ್ನ ಚೆಲ್ಲಿದಾಕಿ?" ಎಂದು ಅತ್ತೆ ಕೇಳಿದರು. ಮನೆಯಲ್ಲಿ ಹೆಂಗಸರೆಂದರೆ ಅವರು ಮತ್ತು ನಾನು. ಆದರೂ ಕೇಳಿದರು.

"ನಾನ್ರಿ ಅತ್ತಿ. ಹಸರಗಟ್ಟಿತ್ತು. ವಿಷ ಅದು."

"ವಿಷ! ನಿನ್ನ ಗಂಡ ಇದೇ ಮನ್ಯಾಗ ಬೆಳದಾನ. ಸತ್ತಾನೇನು?"

"ಅವರು ಕುಡದಾರೇನ್ರಿ ಇದನ್ನ?"

"ಅವನ್ಯಾಕ ಕುಡೀತಾನ? ಅದು ಕರುಗೋಳಿಂದು!"

ಹೌದು, ಅದು ಕರುಗಳದು. ಮೂವತ್ತು ವರ್ಷದಿಂದ ಅತ್ತೆ ಆ ತಪೇಲಿಗೆ ಕಲಾಯಿ ಹಾಕಿಸಿರಲಿಲ್ಲ, ಬೇಕೆಂದೇ. ಹುಳಿ ಮಜ್ಜಿಗೆ ತಾಮ್ರವನ್ನು ತಿಂದು ಹಸಿರಾಗುತ್ತಿತ್ತು. ದಿನಾ ಮುಂಜಾನೆ ನಮ್ಮ ಓಣಿಯ ಹೆಂಗಸರು ಎಮ್ಮೆಕರುಗಳನ್ನು ಹಗ್ಗ ಹಿಡಿದು ನಮ್ಮ ಕಟ್ಟೆಗೆ ತರುತ್ತಿದ್ದರು. ಅತ್ತೆ ಕರುವಿನ ದವಡೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಗೊಟ್ಟದಿಂದ, ಅಂದರೆ ಔಷಧ ಕುಡಿಸುವ ಬಿದಿರಿನ ಕೊಳವೆಯಿಂದ, ಆ ಹಸಿರು ಮಜ್ಜಿಗೆಯನ್ನು ಗಂಟಲಿಗೆ ಇಳಿಸುತ್ತಿದ್ದರು. ಹುಳ ಸಾಯುತ್ತವೆ, ಮೈ ಮಿಂಚುತ್ತದೆ ಎಂಬುದು ಅವರ ಲೆಕ್ಕ. ಸುಳ್ಳೇನಲ್ಲ. ನಮ್ಮ ಓಣಿಯ ಕರುಗಳಷ್ಟು ಕಪ್ಪಗೆ, ಎಣ್ಣೆ ಸವರಿದ ಹಾಗೆ ಹೊಳೆಯುವ ಕರುಗಳು ಊರಲ್ಲಿ ಬೇರೆ ಇರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆಯಲ್ಲಿ ಉರಿಯುತ್ತಿತ್ತು, ಈಗಲೂ ಸ್ವಲ್ಪ ಉರಿಯುತ್ತದೆ.

ಅತ್ತೆಯ ಇನ್ನೊಂದು ಗುಣ, ಹಂಚುವುದು. ಎಮ್ಮೆ ಈದರೆ ಗಿಣ್ಣ ಹಂಚು, ಹೊಸ ಬೆಳೆ ಬಂದರೆ ಸುಟ್ಟ ಎಳೆಜೋಳದ ಸೀತನಿ ಹಂಚು, ಎಳ್ಳಮಾಸೆ ಹಬ್ಬ ಬಂದರೆ ಕಾಯಿಪಲ್ಯ ಕೂಡಿಸಿ ಬೇಯಿಸಿದ ಭಜ್ಜಿ ಹಂಚು. ಬಾಗಿಲಿಗೆ ಬಂದವರನ್ನು ಖಾಲಿ ಕೈಯಲ್ಲಿ ಕಳಿಸಿದರೆ ಅವರಿಗೆ ಆ ದಿನ ಊಟ ಸೇರುತ್ತಿರಲಿಲ್ಲ. ಓಣಿಯಲ್ಲಿ ಎಲ್ಲರೂ ಅವರನ್ನು ಅಕ್ಕಾ, ಆಯಿ ಎಂದು ಕರೆಯುತ್ತಿದ್ದುದು ವಯಸ್ಸಿಗಲ್ಲ, ಆ ಕೈಗೆ.

ನನಗೂ ಅಂಥ ಒಂದು ಹೆಸರು ಬೇಕಾಗಿತ್ತು. ಊರಿಗೆ ಬಂದಾಕಿ ನೀರಿಗೆ ಬರದೆ ಹೋಗ್ತಾಳೇನು ಎಂದು ಓಣಿಯ ಹೆಂಗಸರು ಬಾವಿಕಟ್ಟೆಯಲ್ಲಿ ನನ್ನನ್ನು ಅಳೆದು ತೂಗಲು ಕಾದೇ ಇದ್ದರು. ನನ್ನ ಮಾತಿನಲ್ಲಿ ಆಳಂದದ ಮರಾಠಿ ನುಸುಳಿದರೆ ನಗುತ್ತಿದ್ದರು. ನಾನು ಕೊಡ ಹೊತ್ತುಕೊಂಡು ಬರುವ ಚಂದಕ್ಕೆ ಇನ್ನಷ್ಟು ನಗುತ್ತಿದ್ದರು. ಹಾಗೆ ನಗುವವರ ನಡುವೆ ನನಗೆ ಮರ್ಯಾದೆ ತಂದುಕೊಟ್ಟಿದ್ದು ಒಂದು ಹಳದಿ ಪುಡಿ.

ಅದು ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಜೇವರ್ಗಿಯಲ್ಲಿ ಒಬ್ಬ ದನದ ಡಾಕ್ಟರು ಇದ್ದರು, ಅಫಜಲಪುರದ ಕಡೆಯವರು, ನೌಕರಿಯಿಂದ ನಿವೃತ್ತರಾದರೂ ಕೈ ಸುಮ್ಮನಿರದೆ ಸಂತೆಯ ದಿನ ನಮ್ಮೂರಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಚೀಲದಲ್ಲಿ ಅರ್ಧ ಔಷಧ, ಅರ್ಧ ಪುಸ್ತಕ. ನಾನು ಬಂದ ಮೊದಲ ವರ್ಷ ಮಳೆಗಾಲದಲ್ಲಿ ನಮ್ಮ ಕರುವಿಗೆ ಜುಲಾಬು ಹತ್ತಿತು. ಡಾಕ್ಟರು ಹಳದಿ ಪುಡಿಯ ಪೊಟ್ಟಣ ಕೊಟ್ಟರು. ಜೊತೆಗೆ ಎಲುಬಿಗೆ, ಮೈಗೆ ಒಳ್ಳೆಯದೆಂದು ಖನಿಜದ ಪುಡಿಯ ಒಂದು ಡಬ್ಬಿಯನ್ನೂ ಕೊಟ್ಟರು.

"ಹಳದಿ ಪುಡಿ ಐದು ದಿನ ಹಾಕಬೇಕವ್ವಾ. ಚಲೋ ಆತು ಅಂತ ನಡುವ ಬಿಡಬ್ಯಾಡ."

"ಹೂಂನ್ರಿ ಸಾಹೇಬ್ರ," ಎಂದೆ.

ಎರಡೇ ದಿನಕ್ಕೆ ಕರು ಚಂಗನೆ ಜಿಗಿಯತೊಡಗಿತು. ಉಳಿದ ಪುಡಿಯನ್ನು ನೋಡಿದೆ. ಚಲೋ ಇರುವ ಕರುವಿಗೆ ಔಷಧ ಹಾಕಿ ಯಾಕೆ ಹಾಳು ಮಾಡುವುದು? ಅತ್ತೆಯ ಮನೆಯಲ್ಲಿ ಯಾವ ವಸ್ತುವೂ ಉಳಿದು ಕೊಳೆಯುತ್ತಿರಲಿಲ್ಲ, ಹಂಚಿ ಹೋಗುತ್ತಿತ್ತು. ಬಾವಿಕಟ್ಟೆಯಲ್ಲಿ ಯಾರೋ ತಮ್ಮ ಕರುವಿಗೂ ಹೊಟ್ಟೆ ಕೆಟ್ಟಿದೆ ಎಂದರು. ನಾನು ಮನೆಗೆ ಓಡಿ, ಆ ಪುಡಿಯನ್ನು ಕಾಗದದ ಚೂರುಗಳಲ್ಲಿ ಚಿಟಿಕೆ ಚಿಟಿಕೆಯಾಗಿ ಕಟ್ಟಿ, ಏಳು ಮನೆಗೆ ಕೊಟ್ಟೆ. ಕರುಗಳು ಗುಣವಾದವು, ಪುಡಿಯಿಂದಲೋ ತಾವಾಗಿಯೋ ದೇವರೇ ಬಲ್ಲ. ನಾನು ಡಾಕ್ಟರ್‌ಬಾಯಿ ಆದೆ. ನೀರು ಸೇದಲು ನನಗೆ ಮೊದಲು ಹಗ್ಗ ಬಿಟ್ಟುಕೊಡುತ್ತಿದ್ದರು. ಅತ್ತೆ ಎದುರಿಗೆ ಹೊಗಳದಿದ್ದರೂ, ಕಟ್ಟೆಯ ಮೇಲೆ ಯಾರೊಂದಿಗೋ "ನಮ್ಮ ಸೊಸಿ ಕೈನೂ ದೊಡ್ಡದೇ ಅದ" ಎಂದಿದ್ದು ನನ್ನ ಕಿವಿಗೆ ಬಿತ್ತು. ಆ ದಿನ ನನಗಾದ ಸಂತೋಷಕ್ಕೆ ಎಣೆ ಇಲ್ಲ.

ಎರಡನೇ ವರ್ಷವೂ ಡಾಕ್ಟರು ಕೊಟ್ಟ ಪುಡಿಯನ್ನು ಹಾಗೇ ಚಿಟಿಕೆ ಮಾಡಿ ಹಂಚಿದೆ. ಈ ಸಲ ಕರುಗಳು ಚೇತರಿಸಿಕೊಳ್ಳಲು ವಾರ ಹಿಡಿಯಿತು. ಮೂರನೇ ವರ್ಷ ಹಳದಿ ಪುಡಿ ಬರೀ ಅರಿಷಿಣವಾಯಿತು, ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಒಂದೇ ತಿಂಗಳಲ್ಲಿ ಓಣಿಯಲ್ಲಿ ಮೂರು ಕರು ಸತ್ತವು. ಅದರಲ್ಲೊಂದು ನಮ್ಮ ಎದುರುಮನೆಯ ಅಕ್ಕನದು. ಅವಳಿಗೆ ಇದ್ದದ್ದು ಎರಡೇ ಎಮ್ಮೆ. ಕರು ಸತ್ತ ಎಮ್ಮೆ ಕೊಟ್ಟಿಗೆಯಲ್ಲಿ ನಿಂತು ಇಡೀ ದಿನ ಒದರುತ್ತಿತ್ತು. ಅದರ ಹಾಲು ಬತ್ತಿತು. ಇನ್ನೊಂದು ಎಮ್ಮೆ ಆಗತಾನೆ ಈದಿತ್ತು. ಅದರ ಕರುವನ್ನು ಅವಳು ತನ್ನ ಹಾಸಿಗೆಯ ಪಕ್ಕದಲ್ಲೇ ಕಟ್ಟಿಕೊಳ್ಳತೊಡಗಿದಳು.

ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೆದರಿಕೆ ಕೂತಿತ್ತು. ಅತ್ತೆಗೆ ತವರಿನವರು ಬಳುವಳಿಯಾಗಿ ಒಂದು ಎಮ್ಮೆ ಹೊಡೆದುಕೊಟ್ಟಿದ್ದರು. ಅವರ ತವರು ಯಡ್ರಾಮಿಯ ಹತ್ತಿರ. ಆ ಎಮ್ಮೆಯ ಮಗಳು, ಮಗಳ ಮಗಳು ಎಂದು ತಳಿ ಬೆಳೆದು ಬಂದು ಕೊನೆಗೆ ಒಂದೇ ಎಮ್ಮೆ ಉಳಿದಿತ್ತು. ಅದಕ್ಕೆ ಹಲ್ಲು ಸವೆದಿದ್ದವು, ಈಗ ಗಬ್ಬವಾಗಿತ್ತು, ಇದೇ ಅದರ ಕಡೆಯ ಈತು ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಎರಡೂ ಗಂಡುಗರು. ಈ ಸಲ ಹೆಣ್ಣುಗರು ಹುಟ್ಟಿ ಬದುಕಿದರೆ ತಳಿ ಉಳಿಯಿತು, ಇಲ್ಲದಿದ್ದರೆ ಮುಗಿಯಿತು. ಅತ್ತೆಯ ತವರಿನಲ್ಲಿ ಅಷ್ಟೊತ್ತಿಗೆ ಅಣ್ಣ ತಮ್ಮಂದಿರು ಯಾರೂ ಇರಲಿಲ್ಲ. ಅವರ ಪಾಲಿಗೆ ತವರು ಎಂದರೆ ಆ ಎಮ್ಮೆ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ದಿನಾ ಅದರ ಬೆನ್ನು ತಿಕ್ಕುವಾಗ ಯಡ್ರಾಮಿಯ ಕಡೆಯ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿದ್ದರು.

ಮೂರು ಕರು ಸತ್ತ ಮೇಲೆ ಬಂದ ಸಂತೆಯ ದಿನ ಡಾಕ್ಟರು ನಮ್ಮ ಕಟ್ಟೆಗೆ ಬಂದು ಕೂತರು. ನಾನು ಚಹಾ ತಂದುಕೊಟ್ಟೆ. ಅವರು ಚಹಾದ ಬಸಿ ಎತ್ತುವಷ್ಟರಲ್ಲಿ ಅತ್ತೆ ಒಂದು ಕರುವಿಗೆ ಗೊಟ್ಟ ಹಾಕುತ್ತಿದ್ದರು. ಡಾಕ್ಟರು ಬಸಿಯನ್ನು ಹಾಗೇ ಇಟ್ಟುಬಿಟ್ಟರು.

"ಇದೇನ್ರಿ ಆಯಿ, ಹಸರ ಬಣ್ಣ?"

"ತಾಮ್ರದ ಮಜ್ಜಿಗಿ. ನಿಮ್ಮ ಹುಟ್ಟಿಗಿಂತ ಮೊದಲಿಂದು."

"ದಿನಾ ಕುಡಸ್ತೀರಿ?"

"ದಿನಾ. ಓಣಿ ಕರುಗೋಳಿಗೆಲ್ಲಾ."

ಡಾಕ್ಟರು ಬೆರಳದ್ದಿ ಮೂಸಿದರು, ತಪೇಲಿಯನ್ನು ವಾಲಿಸಿ ಒಳಗೆ ನೋಡಿದರು, ಎಷ್ಟು ಗೊಟ್ಟ, ಎಷ್ಟು ವರ್ಷ ಎಂದೆಲ್ಲ ಕೇಳಿ ಬರೆದುಕೊಂಡರು. ಬೈಯಲಿಲ್ಲ. ನಾಲ್ಕು ಕರುಗಳ ಸಗಣಿಯನ್ನು ಸಣ್ಣ ಸೀಸೆಗಳಲ್ಲಿ ತುಂಬಿಕೊಂಡರು. ತಮಗೆ ಪರಿಚಯದ ಒಂದು ಕಾಲೇಜಿನ ಲ್ಯಾಬಿಗೆ ತಾವೇ ಒಯ್ಯುತ್ತೇನೆಂದರು. ಸಗಣಿಯನ್ನು ಕಾಲೇಜಿಗೆ ಕಳಿಸುವ ಮನುಷ್ಯನನ್ನು ನಮ್ಮ ಓಣಿ ಮೊದಲ ಸಲ ನೋಡಿತ್ತು, ಬಸ್ಸು ಹೋದ ಮೇಲೂ ಬಹಳ ಹೊತ್ತು ನಕ್ಕಿತು.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ನಮ್ಮ ಎಮ್ಮೆ ಈಯಿತು. ಹೆಣ್ಣುಗರು. ಹಣೆಯ ಮೇಲೆ ಬೆರಳಿನಷ್ಟು ಬಿಳಿ. ಅತ್ತೆ ಅದರ ಮೈ ಒರೆಸುತ್ತ ಸುಮ್ಮನೆ ಅತ್ತರು. ಅವರು ಅತ್ತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆರನೇ ದಿನ ಮುಂಜಾನೆ ಅದರ ಬಾಲಕ್ಕೆ ಬಿಳಿ ಜುಲಾಬು ಅಂಟಿತ್ತು. ಕರು ಮೊಲೆಯ ಕಡೆ ಮುಖ ಮಾಡಲಿಲ್ಲ. ನಾನು ಯಾರನ್ನೂ ಕೇಳದೆ ಜೇವರ್ಗಿಯ ಬಸ್ಸು ಹತ್ತಿದೆ.

ಡಾಕ್ಟರು ಅಂಗಳದಲ್ಲೇ ಸಿಕ್ಕರು. ನಾನು ಹೇಳಿದ್ದನ್ನೆಲ್ಲ ಕೇಳಿ ಒಳಗಿನಿಂದ ಒಂದು ತಟ್ಟೆ, ಒಂದು ಹಿಡಿ ಜೋಳದ ಹಿಟ್ಟು, ನಾಲ್ಕು ಅಂಗಿಯ ಗುಂಡಿ ತಂದರು. ಕರು ಸಾಯುತ್ತ ಬಿದ್ದಿದೆ, ಈ ಮನುಷ್ಯ ರೊಟ್ಟಿ ಬಡಿಯಲು ಹೊರಟನೇ ಎಂದು ನನಗೆ ಸಿಟ್ಟು ಬಂತು.

"ನೋಡವ್ವಾ, ಈ ಹಿಟ್ಟು ಅಂದ್ರ ಕ್ರಿಮಿ. ನಿಮ್ಮ ಓಣಿ ಕರುಗಳ ಸಗಣ್ಯಾಗಿಂದು. ಲ್ಯಾಬಿನ್ಯಾಗ ಹಿಂಗ ತಟ್ಟಿ ತುಂಬ ಬೆಳಸ್ತಾರ. ಈ ಗುಂಡಿ ಅಂದ್ರ ಔಷಧ ನೆನಸಿದ ಕಾಗದದ ಚೂರು." ಹಿಟ್ಟಿನ ಮೇಲೆ ಗುಂಡಿ ಇಟ್ಟು, ಅದರ ಸುತ್ತ ಬೆರಳಿನಿಂದ ಹಿಟ್ಟು ಸರಿಸಿ ದುಂಡಗೆ ಬಯಲು ಮಾಡಿದರು. "ಔಷಧ ಕ್ರಿಮಿ ಕೊಂದ್ರ ಹಿಂಗ ಬೈಲು ಬೀಳತದ. ಹಳದಿ ಪುಡಿ ಚೂರಿನ ಸುತ್ತ ಒಂದು ಕೂದಲಿನಷ್ಟೂ ಬೈಲು ಬಿದ್ದಿಲ್ಲ. ನಾ ಹೋಗಿ ಕಣ್ಣಿಲೆ ನೋಡಿ ಬಂದೇನಿ. ಅಂಚಿನ ತನಕ ಬೆಳದು ಕುಂತಾವ."

"ಹಂಗಾರ..."

"ತಡಿ. ಇನ್ನೊಂದು ತಟ್ಯಾಗ ತಾಮ್ರ ಬೆರಸಿ ನೋಡ್ರಿ ಅಂದೆ. ಅಲ್ಲಿನ ಹುಡುಗರು ನಕ್ರು. ಬೆರಸಿ ನೋಡಿದ್ರ, ಬ್ಯಾರೆ ಕ್ರಿಮಿ ಸತ್ತುವು. ನಿಮ್ಮ ಓಣಿವು ಅದ್ರಾಗೂ ಆರಾಮ ಬೆಳದುವು."

ನನಗೆ ಅರ್ಥವಾಗಲಿಲ್ಲ ಎಂದೆ.

"ಹೊಲದಾಗ ಅರ್ಧಾ ಕಸ ಕಿತ್ತು ಬಿಟ್ರ ಏನಾಗ್ತದ? ಗಟ್ಟಿ ಬೇರಿಂದೇ ಉಳೀತದ. ಮುಂದ ಹೊಲ ತುಂಬ ಅದೇ. ದಿನಾ ತಾಮ್ರ ಕುಡಿಸಿದ್ರ ತಾಮ್ರ ತಡಕೊಳ್ಳೋ ಕ್ರಿಮೀನೇ ಉಳೀತಾವ. ಕೆಲವು ಕ್ರಿಮಿಯೊಳಗ ತಾಮ್ರ ತಡಕೊಳ್ಳೋ ಗುಣ, ಔಷಧ ತಡಕೊಳ್ಳೋ ಗುಣ, ಎರಡೂ ಒಂದೇ ಗಂಟಿನ್ಯಾಗ ಇರ್ತಾವಂತ ಓದಾಕತ್ತೇನಿ. ಒಂದನ್ನ ಸಾಕಿದ್ರ ಇನ್ನೊಂದೂ ಬೆಳೀತದ. ನಿಮ್ಮ ಓಣ್ಯಾಗ ಹಂಗೇ ಆಗೇದ ಅಂತ ಎದಿ ತಟ್ಟಿ ಹೇಳಾಕ ಆಗಂಗಿಲ್ಲ. ಆದ್ರ ನನಗ ಅನುಮಾನ ಅದ."

"ತಾಮ್ರ ಕೆಟ್ಟದ್ದೇನ್ರಿ?"

"ಕೆಟ್ಟದ್ದಲ್ಲ, ಉಪ್ಪಿದ್ದಂಗ. ಬೇಕು, ಚೂರು ಬೇಕು. ನಾ ಕೊಟ್ಟ ಖನಿಜದ ಪುಡ್ಯಾಗೂ ಅದು ಇತ್ತು. ಮನ್ಯಾಗ ಮತ್ತೇನು ಕುಡಸ್ತೀರಿ ಅಂತ ನಾ ಮೊದಲೇ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನಂದೂ ಅದ." ಗುಂಡಿಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತ ಕೇಳಿದರು, "ಹಳದಿ ಪುಡಿ ನೀ ಐದು ದಿನ ಪೂರಾ ಹಾಕಿದ್ದಿ, ಹೌದಲ್ಲ? ಅರ್ಧಾಕ್ಕ ಬಿಟ್ರೂ, ಕಮ್ಮಿ ಕಮ್ಮಿ ಹಾಕಿದ್ರೂ ಇದೇ ಆಗ್ತದ. ಅದಕ್ಕ ಕೇಳಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಸೆರಗು ಸರಿಮಾಡಿಕೊಂಡೆ.

"ಹಾಕಿದ್ದೆನ್ರಿ ಸಾಹೇಬ್ರ. ಪೂರಾ."

ಡಾಕ್ಟರು ಐದು ಬಿಳಿ ಗುಳಿಗೆ ಕೊಟ್ಟರು. ಹಳೆಯ ಔಷಧ, ಆದರೆ ತಟ್ಟೆಯಲ್ಲಿ ಅದರ ಸುತ್ತ ಚಂದದ ಬಯಲು ಬಿದ್ದಿತ್ತಂತೆ. ಮುಂಜಾನೆ ಅರ್ಧ, ಸಂಜೆ ಅರ್ಧ, ನಡುವೆ ಉಪ್ಪು ಬೆಲ್ಲದ ನೀರು, ತಾಯಿಯ ಹಾಲು. "ಒಂದು ಚೂರೂ ಆಕಡೆ ಈಕಡೆ ಹೋಗಬಾರದವ್ವಾ. ಇದೂ ಕೈ ಕೊಟ್ರ ನನ್ನ ಚೀಲದಾಗ ಬ್ಯಾರೆ ಔಷಧ ಇಲ್ಲ," ಎಂದರು.

ಬಸ್ಸಿನಲ್ಲಿ ಕೂತಾಗ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಖುಷಿ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಮೂರು ವರ್ಷದ ಹಿಂದೆ ನಾನು ಚೆಲ್ಲಿದ ಮಜ್ಜಿಗೆ ಚೆಲ್ಲಬೇಕಾದದ್ದೇ ಆಗಿತ್ತು ಎಂದು ಕಾಲೇಜೇ ಹೇಳಿತಲ್ಲ! ಮನೆಗೆ ಬಂದವಳೇ ತಪೇಲಿಯ ಭಾಗವನ್ನು ಅತ್ತೆಗೆ ಒಂದಕ್ಷರ ಬಿಡದೆ ಒಪ್ಪಿಸಿದೆ, ಹಿಟ್ಟು, ಗುಂಡಿ ಸಮೇತ. ಅರ್ಧಕ್ಕೆ ಬಿಟ್ಟ ಪುಡಿಯ ಭಾಗ ಬಂದಾಗ ನಾಲಿಗೆ ತಾನಾಗಿ ಮಡಿಚಿಕೊಂಡಿತು.

ಅತ್ತೆ ಜಗಳ ಮಾಡುತ್ತಾರೆಂದು ಸೊಂಟ ಕಟ್ಟಿ ನಿಂತಿದ್ದೆ. ಅವರು ಮಾಡಲಿಲ್ಲ. ತಪೇಲಿಯ ಮಜ್ಜಿಗೆಯನ್ನು ತಾವೇ ಚೆಲ್ಲಿ, ಬೋರಲು ಹಾಕಿ, ಗೊಟ್ಟವನ್ನು ಸೂರಿಗೆ ಸಿಕ್ಕಿಸಿದರು. ಮರುದಿನ ಕರು ಹಿಡಿದು ಬಂದವರಿಗೆ, "ಇನ್ನು ಬರಬ್ಯಾಡ್ರಿ ತಂಗಿ, ನಂದೇ ತಪ್ಪಾಗೇದ. ಕರು ಸತ್ತಿದ್ದು ನನ್ನ ಕೈಲೆ," ಎಂದರು. ಆ ಮಾತನ್ನು ಏಳು ಮನೆಯವರಿಗೂ ಏಳು ಸಲ ಹೇಳಿದರು. ನಾನು ಒಲೆಯ ಮುಂದೆ ಕೂತು ಏಳೂ ಸಲ ಕೇಳಿಸಿಕೊಂಡೆ. ನನ್ನ ಖುಷಿ ಮೂರನೇ ಮನೆಗೇ ಮುಗಿದಿತ್ತು. ಆದರೂ ಎದ್ದು ಹೋಗಿ ನನ್ನ ಪಾಲನ್ನು ಹೇಳಲು ಧೈರ್ಯ ಬರಲಿಲ್ಲ.

ಗುಳಿಗೆ ಶುರುವಾದ ಮೂರನೇ ದಿನ ಕರು ಕಿವಿ ನಿಮಿರಿಸಿ, ನಡುಗುವ ಕಾಲಿನಲ್ಲಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಅಂದೇ ಮಧ್ಯಾಹ್ನ ಎದುರುಮನೆಯ ಅಕ್ಕ ಹೊಸ್ತಿಲಲ್ಲಿ ಬಂದು ನಿಂತಳು. ಕೂಡಲಿಲ್ಲ.

"ಅಕ್ಕಾ, ನನ್ನ ಉಳದ ಕರುವಿಗೂ ಜುಲಾಬು ಹತ್ತೇದ. ನಿಮ್ಮ ಬಿಳೇ ಗುಳಿಗ್ಯಾಗ ಒಂದು ಅರ್ಧಾ ಕೊಡ್ರಿ."

ಅತ್ತೆಯ ಕೈ ಆಗಲೇ ಗೋಡೆಯ ಮಾಡದಲ್ಲಿದ್ದ ಡಬ್ಬಿಯ ಮೇಲಿತ್ತು. ಅದರಲ್ಲಿ ಎರಡೂವರೆ ಗುಳಿಗೆ ಉಳಿದಿದ್ದವು. "ಅರ್ಧಾ ಯಾಕ? ಒಂದು ತಗೋ. ನಂದು ಎದ್ದು ನಿಂತದ," ಎಂದರು.

"ಕೊಡಬ್ಯಾಡ್ರಿ ಅತ್ತಿ!"

ಮನೆಗೆ ಬಂದವರ ಎದುರಿಗೆ ಆ ಮಾತು ಆಡಿದ ಸೊಸೆಯನ್ನು ಅತ್ತೆ ನೋಡಿದ ನೋಟ ನನಗೆ ಈಗಲೂ ನೆನಪಿದೆ. ಆದರೆ ಆ ಕ್ಷಣದಲ್ಲಿ ನನಗೆ ಕಂಡದ್ದು ನಡುಗುವ ಆ ನಾಲ್ಕು ಕಾಲು ಮಾತ್ರ. ಇದೂ ಚೂರಾಗಿ ಹೋದರೆ ಎರಡೂ ಕರು ಹೋಗುತ್ತವೆ, ಡಾಕ್ಟರ ಚೀಲದಲ್ಲಿ ಬೇರೆ ಔಷಧವಿಲ್ಲ. ನನಗೆ ಅಳು ಬಂತು.

"ಅತ್ತಿ, ಪುಡಿ ಕೆಟ್ಟಿದ್ದು ನಿಮ್ಮ ತಪೇಲಿಯಿಂದ ಒಂದೇ ಅಲ್ರಿ. ಐದು ದಿನದ ಪುಡಿ ನಾನು ಎರಡು ದಿನಕ್ಕ ಬಿಟ್ಟು, ಚಿಟಿಕಿ ಚಿಟಿಕಿ ಹಂಚೇನಿ. ಹಂಗ ಮಾಡಿದ್ರೂ ಕ್ರಿಮಿ ಗಟ್ಟಿ ಆಗ್ತಾವಂತ. ಡಾಕ್ಟರ್ ಸಾಹೇಬ್ರು ಕೇಳಿದ್ರು. ಪೂರಾ ಹಾಕೇನಿ ಅಂತ ಸುಳ್ಳ ಹೇಳಿದೆ. ನಿಮ್ಮ ಮುಂದೂ ಮುಚ್ಚಿಟ್ಟೆ. ನೀವು ಮನಿ ಮನಿಗೆ ನಂದೇ ತಪ್ಪು ಅನ್ನಾಕತ್ತಾಗ ಸುಮ್ಮ ಕುಂತೆ."

ಎದುರುಮನೆಯ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹಂಗಾರ ನನ್ನ ಆ ಕರು ಸತ್ತಿದ್ದು ನಿನ್ನ ಚಿಟಿಕಿಯಿಂದೇನು?"

"ಗೊತ್ತಿಲ್ರಿ ಅಕ್ಕಾ. ಇರಬಹುದು."

ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಚೌಕಟ್ಟಿನಿಂದ ಕೈ ತೆಗೆದು, "ಚಿಟಿಕಿ ಕೇಳಾಕ ಬಂದಾಕಿ ನಾನೇ ಅಲ್ಲೇನು," ಎಂದಳು.

ಅತ್ತೆ ಡಬ್ಬಿಯ ಮುಚ್ಚಳ ಹಾಕಿ ಅದನ್ನು ಮತ್ತೆ ಮಾಡದಲ್ಲಿಟ್ಟರು. ಹಾಗೆ ಇಡುವಾಗ ಅವರ ಕೈಗೆ ಎಷ್ಟು ಕಷ್ಟವಾಯಿತೆಂದು ನಾನು ನೋಡಿದೆ. ಇಷ್ಟು ವರ್ಷದಲ್ಲಿ ಆ ಮಾಡದಿಂದ ಹೊರಗೆ ಬಂದ ಕೈ ಖಾಲಿಯಾಗಿ ಬಂದದ್ದಿಲ್ಲ.

"ಅಕಿ ಕರುವಿಗೆ ಎಷ್ಟು ಬೇಕು?" ಎಂದು ನನ್ನನ್ನು ಕೇಳಿದರು.

"ಐದು ಗುಳಿಗಿ ಅತ್ತಿ. ಪೂರಾ ಐದು."

ಅವರು ಎದುರುಮನೆಯ ಅಕ್ಕನ ಕಡೆ ತಿರುಗಿದರು. "ತಂಗಿ, ಈಗ ನಿನ್ನ ಖಾಲಿ ಕೈಲೆ ಕಳಸ್ತೇನಿ. ಬ್ಯಾಸರ ಮಾಡ್ಕೋಬ್ಯಾಡ. ಸಂಜಿ ಬಸ್ಸಿಗೆ ಪೂರಾ ತಂದು ಕೊಡ್ತೇನಿ." ನನ್ನ ಕಡೆ ನೋಡದೆಯೇ, "ನೀ ಎರಡೂ ಕರುವಿಗೆ ಉಪ್ಪು ಬೆಲ್ಲದ ನೀರು ಹಾಕ್ಕೋತ ಇರು," ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಗಂಡಸರ ಜೊತೆಯಿಲ್ಲದೆ ಅತ್ತೆ ಬಸ್ಸು ಹತ್ತಿದ್ದು ಅದೇ ಮೊದಲು. ಹೊಲದಿಂದ ಬಂದ ನನ್ನ ಗಂಡ ಅವ್ವ ಎಲ್ಲಿ ಎಂದು ಕೇಳಿದರು. ಜೇವರ್ಗಿಗೆ ಹೋಗ್ಯಾರ ಎಂದೆ. ನಂಬದೆ ನಕ್ಕು, ಚಾಷ್ಟಿ ಮಾಡಬೇಡ ಎಂದರು.

ಸಂಜೆ ಬಸ್ಸಿನಿಂದ ಅತ್ತೆ ಇಳಿದರು. ಸೆರಗಿನ ಗಂಟಿನಲ್ಲಿ ಐದು ಗುಳಿಗೆ. ಅವರಿಗೆ ಓದಲು ಬಾರದು, ಅದಕ್ಕೆ ಡಾಕ್ಟರ ಕೈಯಿಂದ ಕಾಗದದ ಮೇಲೆ ಹತ್ತು ಗೆರೆ ಎಳೆಸಿಕೊಂಡು ಬಂದಿದ್ದರು, ಅರ್ಧ ಹಾಕಿದಾಗೊಮ್ಮೆ ಒಂದು ಗೆರೆ ಹೊಡೆದುಹಾಕಲು. ಎದುರುಮನೆಯ ಅಕ್ಕನ ಕರುವಿನ ದವಡೆ ಹಿಡಿದು ಮೊದಲ ಅರ್ಧವನ್ನು ತಾವೇ ಹಾಕಿದರು. ಆಮೇಲೆ ನನಗೆ ಹೇಳಿದರು, "ಡಾಕ್ಟರ್ ಮುಂದ ಖರೆ ಹೇಳಿ ಬಂದೇನಿ. ತಾಮ್ರ ಕುಡಿಸಿದಾಕಿ ನಾನು, ಚಿಟಿಕಿ ಹಂಚಿದಾಕಿ ಸೊಸಿ, ಇಬ್ಬರೂ ಕೂಡಿ ಕೆಡಿಸೇವಿ ಅಂದೆ. ಅವಾ ನಗಾಕತ್ತ. ನನ್ನೂ ಸೇರಿಸ್ರಿ ಆಯಿ, ಮೂರು ಮಂದಿ ಅಂದ."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. "ಏಳ್ ಬೇ, ಹಂಚೋದು ನನ್ನ ನೋಡಿ ಕಲತಿ. ಯಾರಿಗಂತ ಬೈಲಿ?" ಎಂದು ಕೈ ಕೊಸರಿಕೊಂಡು ಕೊಟ್ಟಿಗೆಗೆ ಹೋದರು.

ಎರಡೂ ಕರು ಬದುಕಿದವು. ಹತ್ತೂ ಗೆರೆಗೆ ಅಡ್ಡ ಗೆರೆ ಬಿದ್ದ ಆ ಕಾಗದವನ್ನು ಎದುರುಮನೆಯ ಅಕ್ಕ ದೇವರ ಜಗುಲಿಯ ಮೇಲೆ ಇಟ್ಟಳು. ಮುಂದೆ ಓಣಿಯಲ್ಲಿ ಕರುವಿಗೆ ಹೊಟ್ಟೆ ಕೆಟ್ಟರೆ ಮೊದಲು ಉಪ್ಪು ಬೆಲ್ಲದ ನೀರು, ಅದಕ್ಕೂ ಬಗ್ಗದಿದ್ದರೆ ಡಾಕ್ಟರು, ಡಾಕ್ಟರು ಕೊಟ್ಟರೆ ಗೆರೆ ಎಳೆದ ಕಾಗದ. ಗೆರೆ ಮುಗಿಯುವ ಮೊದಲು ಔಷಧ ಬಿಟ್ಟವರಿಗೆ ಅತ್ತೆಯ ಬಾಯಿ ಕಾದಿರುತ್ತಿತ್ತು. ಎರಡು ವರ್ಷದ ಮೇಲೆ ಡಾಕ್ಟರು ಮತ್ತೆ ಸೀಸೆ ಹಿಡಿದು ಬಂದು ಸಗಣಿ ಒಯ್ದರು. ಈ ಸಲ ಒಂದೆರಡು ತಟ್ಟೆಯಲ್ಲಿ ಹಳದಿ ಪುಡಿಯ ಸುತ್ತಲೂ ಸಣ್ಣ ಬಯಲು ಬಿದ್ದಿದೆ ಎಂದು ಹೇಳಿದರು. ಎಲ್ಲದರಲ್ಲೂ ಅಲ್ಲ, ಆದರೂ ಬಿದ್ದಿದೆ ಎಂದರು. ಅವರ ಮುಖ ಮಗ ಪಾಸಾದವರ ಹಾಗೆ ಅರಳಿತ್ತು.

ತಪೇಲಿಯ ಮಾತು ಉಳಿಯಿತು. ಕರು ಬದುಕಿದ ಆ ವರ್ಷ ಅದು ಹಾಗೇ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಕರು ಹಿಡಿದು ಯಾರೂ ಬಾರದ ಕಟ್ಟೆಯ ಮೇಲೆ ಅತ್ತೆ ಮುಂಜಾನೆ ಸುಮ್ಮನೆ ಕೂತಿರುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ದಸರೆಯ ಮುಂದೆ ಕಲಾಯಿಯವನು ಓಣಿಗೆ ಬಂದು ತಿದಿ ಹೂಡಿದ. ಪ್ರತಿ ವರ್ಷ ನಮ್ಮ ಬಾಗಿಲಲ್ಲಿ ನಿಂತು, "ಆಯಿ, ಆ ತಪೇಲಿ ಕೊಡ್ರಿ," ಎಂದು ಕೇಳಿ ಬೈಸಿಕೊಂಡು ಹೋಗುವುದು ಅವನ ರೂಢಿ. ಈ ಸಲ ಅವನು ಕೇಳಲೇ ಇಲ್ಲ. ಅತ್ತೆಯೇ ಅದನ್ನು ಎತ್ತಿಕೊಂಡು ಹೋಗಿ ಅವನ ಮುಂದೆ ಇಟ್ಟರು. ಅವನು ಅವರ ಮುಖವನ್ನೂ ತಪೇಲಿಯನ್ನೂ ಎರಡೆರಡು ಸಲ ನೋಡಿದ. ಆಮೇಲೆ ಬೆಂಕಿಯ ಮೇಲಿಟ್ಟು, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದ. ಕೆಂಪಗಿದ್ದ ಒಳಮೈಯೆಲ್ಲ ಬೆಳ್ಳಗಾಯಿತು.

ಆ ದಿನ ಸಂಜೆ ಅತ್ತೆ ಅದರಲ್ಲಿ ಮಜ್ಜಿಗೆ ಹಾಕಿಟ್ಟರು. ಮುಂಜಾನೆ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು. ಹಸಿರಿರಲಿಲ್ಲ, ಹಾಲಿನ ಬಣ್ಣದ ಮಜ್ಜಿಗೆ. ಉಪ್ಪು, ಜೀರಿಗೆ, ಹಸಿ ಶುಂಠಿ ಜಜ್ಜಿ ಹಾಕಿ, ತಪೇಲಿಯನ್ನು ಕಟ್ಟೆಯ ಮೇಲೆ ತಂದಿಟ್ಟರು. ಎದುರುಮನೆಯ ಅಕ್ಕ ತನ್ನ ಕರುವನ್ನು ಮೇಯಲು ಹೊಡೆದುಕೊಂಡು ಹೊರಟವಳು ನಿಂತಳು. ಅವಳ ಹಿಂದೆ ಇನ್ನಿಬ್ಬರು ನಿಂತರು. ಮೂವತ್ತು ವರ್ಷದಲ್ಲಿ ಆ ತಪೇಲಿಯ ಮಜ್ಜಿಗೆಯನ್ನು ಮನುಷ್ಯರು ಯಾರೂ ಕುಡಿದಿರಲಿಲ್ಲ.

ಅತ್ತೆ ಲೋಟ ಅದ್ದಿದವರು ಅಲ್ಲಿಗೇ ಕೈ ತಡೆದು ನನ್ನ ಕಡೆ ತಿರುಗಿದರು. ಅಷ್ಟು ವರ್ಷದಲ್ಲಿ ಅವರು ಹಂಚುವ ಮೊದಲು ನನ್ನನ್ನು ಕೇಳಿದವರಲ್ಲ.

"ಇದನ್ನ ಹಂಚಬಹುದೇನವ್ವಾ?"

"ಹಂಚ್ರಿ ಅತ್ತಿ," ಎಂದೆ. "ಎಷ್ಟು ಬೇಕಾದ್ರೂ ಹಂಚ್ರಿ."

ನಾನು ಒಳಗೆ ಹೋಗಿ ಮನೆಯಲ್ಲಿದ್ದ ಲೋಟಗಳನ್ನೆಲ್ಲ ತಂದೆ.